ಇಳಿಜಾರಿನ ಹನ್ನೆರಡು ಮರಗಳು

ಹನ್ನೆರಡು ಮರಗಳು ಬಿದ್ದಿದ್ದವು.

ನೆಲ್ಡಾ ಕಾಂಟೂ ಪಿಕಪ್ ನಿಲ್ಲಿಸಿದಳು. ಪಕ್ಕದ ಸೀಟಿನಲ್ಲಿ ಏನೋ ಹೇಳುತ್ತಿದ್ದ ವರ್ಲೀನ್ ಡಿಟ್ಮಾರ್ ಮಾತನ್ನು ಅರ್ಧಕ್ಕೇ ಬಿಟ್ಟಳು. ಗಾಜಿನಾಚೆ ಇಳಿಜಾರು ಹಲ್ಲು ಉದುರಿದ ಬಾಯಿಯಂತಿತ್ತು.

"ಗಾಳಿಗೆ ಬಿದ್ದಿರಬೇಕು," ಎಂದಳು ವರ್ಲೀನ್.

ಗಾಳಿ ಮರವನ್ನು ಇಷ್ಟು ಸಮನಾಗಿ ಕೊಯ್ಯುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

ನೆಲ್ಡಾ ಲ್ಯೂಡೆಕೆ ಕೌಂಟಿಯ ತೆರಿಗೆ ಕಚೇರಿಯವಳು. ಕಾಡುಜೀವಿಗಳಿಗೆಂದು ಬಿಟ್ಟ ಖಾಸಗಿ ಜಮೀನುಗಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡುವುದು ಅವಳ ಕೆಲಸ. ಟೆಕ್ಸಾಸಿನ ಈ ಗುಡ್ಡಗಳಲ್ಲಿ ಎಕರೆಗೆ ಈಗ ಬಂಗಲೆ ಕಟ್ಟುವವರ ಬೆಲೆ. ಆ ಬೆಲೆಯ ಮೇಲೆ ತೆರಿಗೆ ಹಾಕಿದರೆ ಹಳೆಯ ಕುಟುಂಬಗಳು ಎರಡು ವರ್ಷವೂ ತಡೆಯಲಾರವು. ಅದಕ್ಕೇ ಕಾನೂನು ಒಂದು ದಾರಿ ಬಿಟ್ಟಿತ್ತು. ಜಮೀನನ್ನು ಹಕ್ಕಿಗೆ, ಜಿಂಕೆಗೆ ಬಿಡಿ. ನೀರಿಡಿ, ಆಸರೆ ಕೊಡಿ, ವರ್ಷಾವರ್ಷ ಎಣಿಸಿ ತೋರಿಸಿ. ಬರೀ ಹುಲ್ಲುಗಾವಲಿನ ತೆರಿಗೆ ಕಟ್ಟಿ, ಸಾಕು.

ವರ್ಲೀನಳ ಎಂಬತ್ತು ಎಕರೆ ಉಳಿದದ್ದು ಈ ಇಳಿಜಾರಿನಿಂದ. ಇಲ್ಲಿ ಹೊಂಗೆನ್ನೆ ಹಕ್ಕಿ ಗೂಡು ಕಟ್ಟುತ್ತಿತ್ತು. ಹಿಡಿಯಲ್ಲಿ ಮುಚ್ಚಿಡಬಹುದಾದಷ್ಟು ಪುಟ್ಟ ಹಕ್ಕಿ. ಮುದಿ ಸೀಡರ್ ಮರದ ತೊಗಟೆಯಿಂದ ನಾರೆಳೆದು, ಓಕ್ ಮರಗಳ ಮಗ್ಗುಲಲ್ಲಿ ಗೂಡು ಹೆಣೆಯುತ್ತದೆ. ಈ ಗುಡ್ಡಗಳು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಮರಿ ಮಾಡುವುದಿಲ್ಲ.

"ಇತ್ತ ಕೊನೇಸಲ ಬಂದಿದ್ದು ಯಾವಾಗ?" ನೆಲ್ಡಾ ಕೇಳಿದಳು.

"ಮೂರು ವಾರ ಆಯ್ತು. ಈ ಮೊಣಕಾಲು ಆಪರೇಷನ್ ಆದ್ಮೇಲೆ ಅಡುಗೆಮನೆಯಿಂದ ಬಾಗಿಲಿಗೆ ಬರೋದೇ ಒಂದು ಪ್ರಯಾಣ." ವರ್ಲೀನ್ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅರವತ್ತಾರರ ಹೆಂಗಸು. ಇಪ್ಪತ್ತೆಂಟು ವರ್ಷ ಶಾಲೆಯ ಬಸ್ ಓಡಿಸಿದವಳು. ಗಂಡ ಲೀರಾಯ್ ತೀರಿಹೋಗಿ ಒಂಬತ್ತು ವರ್ಷ. "ನೆಲ್ಡಾ, ಈಗ ನನ್ನ ಹೆಸರು ರಿಯಾಯಿತಿ ಪಟ್ಟಿಯಿಂದ ತೆಗೀತೀರಾ?"

"ಯಾರು ಕಡಿದರು ಅನ್ನೋದರ ಮೇಲೆ ಹೋಗುತ್ತೆ."

"ನಾನಲ್ಲ."

"ನೀವು ಇಲ್ಲೇ ಕೂತಿರಿ."

ನೆಲ್ಡಾ ಇಳಿದು ನಡೆದಳು. ಒಂಬತ್ತು ಸೀಡರ್. ಮೂರು ಓಕ್. ಮರದ ಹೊಟ್ಟು ನೆಲಕ್ಕೆ ಅಂಟಿ ಹಪ್ಪಳವಾಗಿತ್ತು. ಇವತ್ತು ಮಂಗಳವಾರ, ಮಳೆ ಬಂದದ್ದು ಕಳೆದ ಶುಕ್ರವಾರ. ಅಂದರೆ ಕೊಯ್ದದ್ದು ಅದಕ್ಕೂ ಮುಂಚೆ. ಒಂದು ತುಂಡೂ ಸಾಗಿಸಿರಲಿಲ್ಲ. ಸೀಡರ್ ಕಂಬಕ್ಕೆ ಒಳ್ಳೆ ಬೆಲೆ ಇದೆ. ಕಳ್ಳನಾದರೆ ಬಿಟ್ಟು ಹೋಗುತ್ತಿರಲಿಲ್ಲ.

ಬಿದ್ದ ಮರಗಳ ನಡುವೆ ಒಂದು ಮುದಿ ಸೀಡರ್ ಮಾತ್ರ ನಿಂತಿತ್ತು. ನೆಲ್ಡಾ ಕತ್ತೆತ್ತಿ ನೋಡಿದಳು. ಕವಲಿನಲ್ಲಿ, ತೊಗಟೆಯದೇ ಬಣ್ಣದಲ್ಲಿ, ಒಂದು ಗೂಡು.

ಆಮೇಲೆ ಓಕ್ ಬೊಡ್ಡೆಗಳ ಬಳಿ ಕುಕ್ಕರುಗಾಲಲ್ಲಿ ಕುಳಿತಳು. ಮೂರಕ್ಕೂ ಕೊಯ್ದ ಮುಖದ ಮೇಲೆ ಕರಿ ಪೇಂಟ್ ಬಳಿದಿತ್ತು. ತೆಳ್ಳಗೆ, ಅಂಚು ಬಿಡದೆ, ಮಗುವಿನ ಗಾಯಕ್ಕೆ ಮದ್ದು ಸವರಿದಷ್ಟು ಜತನದಿಂದ. ಉಗುರಿನಿಂದ ಒಂದಿಷ್ಟು ಕೆರೆದಳು. ಕೆಳಗೆ ಹಸಿ ಮರ, ಒಂದು ಹುಳವೂ ಇಲ್ಲ. ಕಡಿದ ಕೂಡಲೇ ಬಳಿದ ಪೇಂಟ್ ಅದು.

ನೆಲ್ಡಾ ಬೊಡ್ಡೆಗಳ ಫೋಟೋ ತೆಗೆದುಕೊಂಡು ಪಿಕಪ್ಪಿಗೆ ಮರಳಿದಳು.

*

ಮನೆಯಲ್ಲಿ ಆರ್ಡಿತ್ ಇದ್ದಳು. ಲೀರಾಯ್‌ನ ತಂಗಿ, ವರ್ಲೀನಳ ನಾದಿನಿ. ಊರಂಚಿನಲ್ಲಿ ಟ್ರೈಲರ್ ಮನೆಗಳನ್ನು ಸಾಲಾಗಿ ನಿಲ್ಲಿಸಿದ ಮೈದಾನವೊಂದಿತ್ತು, ಅಲ್ಲಿ ಬಾಡಿಗೆಗಿದ್ದಳು. ಆಪರೇಷನ್ ಆದಂದಿನಿಂದ ದಿನವೂ ಬಂದು ಅಡುಗೆ ಮಾಡಿ ಹೋಗುತ್ತಿದ್ದಳು. ಒಲೆಯ ಮೇಲೆ ಬೀನ್ಸ್ ಕುದಿಯುತ್ತಿತ್ತು.

"ಇಳಿಜಾರಿನ ಮರ ಯಾರೋ ಕಡಿದುಹಾಕಿದಾರೆ, ಆರ್ಡಿತ್," ಎಂದಳು ವರ್ಲೀನ್. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

ಆರ್ಡಿತ್ ಸೌಟು ಕೆಳಗಿಟ್ಟಳು. "ಕಾಲು ಮೇಲಿಟ್ಟುಕೋ. ಊದಿಕೊಂಡಿದೆ." ಅತ್ತಿಗೆಯ ಕಾಲಡಿ ದಿಂಬು ಇಟ್ಟಳು. "ಕಾಫಿ ಕುಡೀತೀರಾ, ನೆಲ್ಡಾ?"

"ಬೇಡ. ನೀವು ಏನಾದರೂ ಕೇಳಿಸಿಕೊಂಡ್ರಾ, ಕಂಡ್ರಾ?"

"ನಾನಿಲ್ಲಿಗೆ ಬರೋದು ಹತ್ತಕ್ಕೆ. ಅಡುಗೆ ಮುಗಿಸಿ ಹೋಗ್ತೀನಿ," ಎಂದು ಆರ್ಡಿತ್ ಬೀನ್ಸ್ ಕೆದಕಲು ತಿರುಗಿದಳು.

*

"ಅವಳೇ ಕಡಿಸಿದಾಳೆ," ಎಂದ ಪ್ರುಯಿಟ್.

ಅವನು ನೆಲ್ಡಾಳ ಮೇಲಧಿಕಾರಿ. ಮೇಜಿನ ಮೇಲೆ ಬೂಟುಗಾಲು, ಕೈಯಲ್ಲಿ ತಿಂಡಿ ಪೊಟ್ಟಣ.

"ಯಾಕೆ ಕಡಿಸ್ತಾಳೆ? ಪಟ್ಟಿಯಿಂದ ಹೋದರೆ ತೆರಿಗೆ ಮೂವತ್ತು ಪಟ್ಟು. ಅವಳ ಪಿಂಚಣಿ ಇಡೀ ಸುರಿದರೂ ಸಾಲದು."

"ಮಾರೋಕೆ. ಗುಡ್ಡದ ಮೇಲಿಂದ ಹೊಳೆ ಕಾಣಬೇಕಲ್ಲ. ಮರ ತೆಗೆದರೆ ಕಾಣುತ್ತೆ. ಪೇಂಟ್ ಬಳಿದಿದೆ ಅಂತೀಯ. ಕಳ್ಳ ಬಳೀತಾನಾ? ತನ್ನ ಮರ ಅಂದ್ಕೊಂಡವರು ಬಳೀತಾರೆ."

ಆ ಕೊನೆಯ ಮಾತು ಸರಿಯಾಗಿತ್ತು.

"ಶುಕ್ರವಾರ ತೆರಿಗೆ ಮಂಡಳಿ ಕೂರುತ್ತೆ," ಎಂದ ಪ್ರುಯಿಟ್. "ಹೊರಗಿನವರು ಕಡಿದದ್ದು ಅಂತ ಕಾಗದದಲ್ಲಿ ತೋರಿಸು. ಮತ್ತೆ ಗಿಡ ನೆಡೋಕೆ ಅವಳಿಗೆ ಎರಡು ವರ್ಷ ಸಿಗುತ್ತೆ. ಇಲ್ಲಾಂದ್ರೆ ತೆಗೆದೆ. ನನಗೇನು ಅವಳ ಮೇಲೆ ಹಗೆಯಾ? ನನ್ನ ಮಕ್ಕಳನ್ನ ಬಸ್ಸಲ್ಲಿ ಕರಕೊಂಡು ಹೋಗ್ತಿದ್ದವಳು ಅವಳೇ."

*

ಮೊದಲ ಅನುಮಾನ ಕರ್ಬಿ ಲ್ಯಾಸಿಟರ್ ಮೇಲೆ. ಸೈಟು ಮಾಡಿ ಮಾರುವ ಕಂಪನಿಯೊಂದರ ಏಜೆಂಟ್. ವರ್ಲೀನಳಿಗೆ ಆರು ತಿಂಗಳಲ್ಲಿ ನಾಲ್ಕು ಪತ್ರ ಬರೆದಿದ್ದ. ಕಳೆದ ವಾರ ಅವನ ಕಾರು ಬೇಲಿ ಬಳಿ ನಿಂತದ್ದನ್ನು ಇಬ್ಬರು ಕಂಡಿದ್ದರು.

"ನಿಂತಿದ್ದು ನಿಜ, ಮ್ಯಾಡಮ್," ಎಂದ ಕರ್ಬಿ. ಹೊಸ ಹ್ಯಾಟು, ಮಣ್ಣು ಸೋಕದ ಬೂಟು. "ಬುಧವಾರ. ಫೋಟೋ ತೆಗೆಯೋಕೆ. ಮರ ಇರೋ ಸೈಟಿಗೆ ಒಂದೂವರೆ ಪಟ್ಟು ರೇಟು. ಆ ಮರಗಳನ್ನ ನಾನು ಕಡಿಸ್ತೀನಾ? ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕ್ಕೊಂಡ ಹಾಗೆ."

"ಪಟ್ಟಿಯಿಂದ ಹೋದರೆ ಅವರು ಮಾರಲೇಬೇಕಾಗುತ್ತೆ. ನಿಮಗೆ ಲಾಭ ತಾನೆ?"

"ಹಕ್ಕಿ ಮರ ಕಡಿಸಿದ ಅಂತ ಹೆಸರು ಬಂದರೆ ಈ ಕೌಂಟೀಲಿ ನನಗೆ ಯಾರು ಒಂದು ಗೇಣು ಮಾರ್ತಾರೆ ಹೇಳಿ."

ಫೋನು ತೆಗೆದು ಫೋಟೋ ತೋರಿಸಿದ. ಬುಧವಾರ ಸಂಜೆ ಐದು ಗಂಟೆ. ಮರಗಳೆಲ್ಲ ನಿಂತಿದ್ದವು.

ಅಲ್ಲಿಗೆ ದಿನ ಸಿಕ್ಕಿತು. ಬುಧವಾರ ಸಂಜೆಯಿಂದ ಶುಕ್ರವಾರದ ಮಳೆಯೊಳಗೆ.

ನೆಲ್ಡಾ ಎದ್ದು ನಿಂತು, ಹಾಗೇ ಎಂಬಂತೆ ಕೇಳಿದಳು. "ಏಪ್ರಿಲಲ್ಲಿ ಓಕ್ ಕಡಿದರೆ ಬೊಡ್ಡೆಗೆ ಏನು ಬಳೀತೀರಿ?"

"ಬಳೀಬೇಕಾ?" ಕರ್ಬಿ ಹುಬ್ಬೇರಿಸಿದ. "ವಾರ್ನಿಶ್?"

ನಗು ಬಂದರೂ ನೆಲ್ಡಾ ನಗಲಿಲ್ಲ. ಈ ಕೌಂಟಿಯಲ್ಲಿ ಹುಟ್ಟಿದ ಯಾರೂ ಹಾಗೆ ಕೇಳುವುದಿಲ್ಲ.

*

ಬೇಲಿಯಾಚೆಯ ಅರ್ನೋ ಬಾಡೆ ಮೇಕೆ ಸಾಕುವವನು. ಅವನ ಮೇಕೆಗಳು ಬೇಲಿ ನುಸುಳಿ ಇಳಿಜಾರಿನ ಓಕ್ ಸಸಿ ತಿನ್ನುತ್ತವೆಂದು ವರ್ಲೀನ್ ಎರಡು ಸಲ ಶೆರಿಫ್‌ಗೆ ಫೋನು ಮಾಡಿದ್ದಳು. ಆಮೇಲೆ ಅವರಿಬ್ಬರೂ ಚರ್ಚಿನಲ್ಲೂ ಮಾತಾಡುತ್ತಿರಲಿಲ್ಲ.

"ನಾನೇ ಅಂತ ಹೇಳಿರಬೇಕು ಆ ಬಸ್ಸಮ್ಮ," ಎಂದ ಅರ್ನೋ.

"ಅವರು ಯಾರ ಹೆಸರೂ ಹೇಳಿಲ್ಲ."

"ಹಾಗಾದರೆ ಹುಷಾರಿಲ್ಲ ಅವಳಿಗೆ." ಅವನು ಮೇಕೆಯ ಗೊರಸು ಕೆತ್ತುವುದನ್ನು ನಿಲ್ಲಿಸಲಿಲ್ಲ. "ಮಿಸ್ ನೆಲ್ಡಾ, ಆ ಗುಡ್ಡ ನೋಡಿ. ಬೋಳಾಗಿದೆಯಲ್ಲ, ಅಲ್ಲಿ ನಲವತ್ತು ಓಕ್ ಇದ್ದವು. ಸೊರಗು ರೋಗ. ಒಬ್ಬ ಮುಟ್ಠಾಳ ವಸಂತದಲ್ಲಿ ಕೊಂಬೆ ಕಡಿದು, ಪೇಂಟ್ ಬಳಿಯದೆ ಹಾಗೇ ಬಿಟ್ಟ. ಗಾಯದ ವಾಸನೆಗೆ ಹುಳ ಬಂತು, ರೋಗ ತಂತು. ಬೇರಿಂದ ಬೇರಿಗೆ ಹಬ್ಬಿತು. ಆ ಮುಟ್ಠಾಳ ನಾನೇ. ಅವತ್ತಿಂದ ಏಪ್ರಿಲಲ್ಲಿ ಓಕ್ ಹತ್ತಿರ ಚಾಕು ಕೂಡ ತಗೊಂಡು ಹೋಗಲ್ಲ."

"ಗರಗಸದ ಸದ್ದು ಕೇಳಿತಾ?"

"ಗುರುವಾರ ಮಧ್ಯಾಹ್ನ. ಎರಡಕ್ಕೆ ಶುರು, ನಾಲ್ಕರ ಮೇಲೂ ಕೇಳ್ತಿತ್ತು. ಆಳು ಕರೆಸಿದಾಳೆ ಅಂದ್ಕೊಂಡೆ. ಆದರೆ ಆಳಿನ ಕೆಲಸ ಹಾಗಿರಲ್ಲ."

"ಹಾಗಂದ್ರೆ?"

"ಒಂದು ಮರ ಬೀಳೋದು. ಆಮೇಲೆ ಮೆಷಿನ್ ಸುಮ್ಮನೆ. ಬಹಳ ಹೊತ್ತು. ಮತ್ತೆ ಒಂದು ಮರ. ಒಬ್ಬರೇ ಇದ್ದಿರಬೇಕು. ವಯಸ್ಸಾದವರು." ಅವನು ಈಗ ಕೈ ನಿಲ್ಲಿಸಿದ. "ಇಲ್ಲಾ, ಕಡಿಯೋಕೆ ಮನಸ್ಸಿಲ್ಲದವರು."

*

ಗುರುವಾರ ಮಧ್ಯಾಹ್ನ ವರ್ಲೀನ್ ಊರಲ್ಲಿದ್ದಳು. ಒಂದು ಗಂಟೆಗೆ ಆಸ್ಪತ್ರೆಯಲ್ಲಿ ಮೊಣಕಾಲಿನ ವ್ಯಾಯಾಮ. ಆಮೇಲೆ ಐದರವರೆಗೆ ಚರ್ಚಿನ ಹೆಂಗಸರ ಜೊತೆ ಕೌದಿ ಹೊಲಿಗೆ. ನೆಲ್ಡಾ ಎರಡೂ ಕಡೆ ಫೋನು ಮಾಡಿ ಕೇಳಿದಳು. ಹೌದು, ಇದ್ದರು. ಹೊಲಿಗೆ ಹಾಕಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.

ಬಿಟ್ಟು ಹೋದವರು ಯಾರು? ನಾದಿನಿ. ಐದಕ್ಕೆ ಬಂದು ಕರೆದೊಯ್ದವರೂ ಅವರೇ.

ನೆಲ್ಡಾ ಫೋನು ಇಟ್ಟಳು. ಮೇಜಿನ ಮೇಲೆ ಸೋಮವಾರ ಬಂದ ಕಾಗದಗಳ ಕಂತೆ ಇನ್ನೂ ಬಿಚ್ಚದೆ ಬಿದ್ದಿತ್ತು. ಅದರಲ್ಲಿ ಡಿಟ್ಮಾರ್ ಜಮೀನಿನ ಹಕ್ಕಿ ಎಣಿಕೆಯ ಹಾಳೆ. ವಸಂತದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ, ಐದು ಗುರುತಿನ ಜಾಗಗಳಲ್ಲಿ ಐದೈದು ನಿಮಿಷ ನಿಂತು, ಹಾಡುವ ಹಕ್ಕಿಗಳನ್ನು ಎಣಿಸಿ ಬರೆಯಬೇಕು. ಒಂಬತ್ತು ವರ್ಷ ಆ ಇಬ್ಬರು ಹೆಂಗಸರು ಜೊತೆಯಲ್ಲಿ ಎಣಿಸಿದ್ದರು. ಮೊನ್ನೆ ಶನಿವಾರದ ಈ ಹಾಳೆಯಲ್ಲಿ ಒಂದೇ ಕೈಬರಹ.

ಒಂದನೇ ಜಾಗ, ಎರಡು. ಎರಡನೇ ಜಾಗ, ಒಂದು. ಮೂರು, ಎರಡು. ನಾಲ್ಕನೆಯದು ಇಳಿಜಾರು. ಅಲ್ಲಿ ಸೊನ್ನೆ. ಪಕ್ಕದಲ್ಲಿ ಸಮಯ: ಏಳು ಹತ್ತರಿಂದ ಏಳು ಹದಿನೈದು. ಕೆಳಗೆ ಆರ್ಡಿತ್ ಡಿಟ್ಮಾರಳ ಸಹಿ.

ನೆಲ್ಡಾ ಹಾಳೆಯನ್ನು ಕೆಳಗಿಟ್ಟು ಕಿಟಕಿಯಾಚೆ ನೋಡಿದಳು.

ಶನಿವಾರ ಅಲ್ಲಿ ನಿಂತವಳು ಬಿದ್ದ ಮರಗಳನ್ನು ಕಾಣದಿರಲು ಸಾಧ್ಯವಿಲ್ಲ. ಕಂಡವಳು ಅತ್ತಿಗೆಗೆ ಹೇಳಲಿಲ್ಲ. ಮಂಗಳವಾರ ಅಡುಗೆಮನೆಯಲ್ಲಿ ಸುದ್ದಿ ಕೇಳಿದಾಗ ಎಷ್ಟು ಮರ, ಯಾವ ಮರ ಎಂದು ಕೇಳಲೂ ಇಲ್ಲ. ದಿಂಬು ಇಟ್ಟಳು.

ಆದರೆ ಯಾಕೆ?

ಆ ಪ್ರಶ್ನೆಗೆ ಉತ್ತರ ಹುಡುಕಲು ನೆಲ್ಡಾ ಕೆಳಮಹಡಿಯ ದಾಖಲೆ ಕೋಣೆಗೆ ಹೋದಳು. ಡಿಟ್ಮಾರ್ ಜಮೀನು ಅಪ್ಪನಿಂದ ಮಗನಿಗೆ, ಲೀರಾಯ್‌ಗೆ. ಲೀರಾಯ್‌ನಿಂದ ಹೆಂಡತಿಗೆ. ಮಗಳು ಆರ್ಡಿತಳ ಹೆಸರು ಎಲ್ಲೂ ಇರಲಿಲ್ಲ. ಇನ್ನೊಂದು ಕಾಗದವೂ ಸಿಕ್ಕಿತು. ಟ್ರೈಲರ್ ಮೈದಾನ ಮಾರಾಟವಾಗಿತ್ತು. ಬಾಡಿಗೆಯವರು ಜೂನ್ ಒಳಗೆ ಖಾಲಿ ಮಾಡಬೇಕು.

ನೆಲ್ಡಾಳ ಅಜ್ಜನಿಗೂ ತೆಂಕಣ ಸೀಮೆಯಲ್ಲಿ ಜಮೀನಿತ್ತು. ಅದು ಮೂವರು ಅಣ್ಣಂದಿರಿಗೆ ಹೋಯಿತು. ಅವಳಿಗೆ ಅಜ್ಜಿಯ ಹೊಲಿಗೆ ಮೆಷಿನ್ ಬಂತು. ಚೆನ್ನಾಗಿ ನಡೆಯುವ ಮೆಷಿನ್. ಅದರ ಬಗ್ಗೆ ಅವಳು ಇಷ್ಟು ವರ್ಷದಲ್ಲಿ ಯಾರ ಹತ್ತಿರವೂ ಒಂದು ಮಾತಾಡಿರಲಿಲ್ಲ. ಮಾತಾಡಬೇಕೆಂದು ಅನಿಸಿದ್ದು ಎಷ್ಟು ಸಲ ಎಂಬುದು ಅವಳಿಗೇ ಗೊತ್ತು.

*

ಮತ್ತೆ ಗುರುವಾರ. ವರ್ಲೀನ್ ಆಸ್ಪತ್ರೆಗೆ ಹೊರಡಲು ಸಿದ್ಧಳಾಗಿ ಅಡುಗೆಮನೆಯಲ್ಲಿ ಕುಳಿತಿದ್ದಳು. ಆರ್ಡಿತ್ ಕಾರಿನ ಕೀ ಹಿಡಿದು ನಿಂತಿದ್ದಳು. ನೆಲ್ಡಾ ಒಳಗೆ ಬಂದು ಮೇಜಿನ ಮೇಲೆ ಚೀಲ ಇಟ್ಟಳು.

"ಐದು ನಿಮಿಷ ಕೂತ್ಕೊಳ್ಳಿ, ಆರ್ಡಿತ್."

ಆರ್ಡಿತ್ ಅವಳ ಮುಖ ನೋಡಿದಳು. ಕೂತಳು.

"ಕಡಿದವರು ಕಳ್ಳರಲ್ಲ," ಎಂದಳು ನೆಲ್ಡಾ. "ಮರ ಅಲ್ಲೇ ಇದೆ. ಸೈಟಿನವನಲ್ಲ. ಅವನಿಗೆ ಓಕ್ ಗಾಯಕ್ಕೆ ಪೇಂಟ್ ಬಳೀಬೇಕು ಅಂತಲೇ ಗೊತ್ತಿಲ್ಲ. ಅರ್ನೋ ಅಲ್ಲ. ಅವನ ಮನೆಯವರು ಸತ್ತಿದ್ದರೂ ಅಷ್ಟು ಕೊರಗ್ತಿರಲಿಲ್ಲ, ಓಕ್‌ಗೆ ಕೊರಗ್ತಾನೆ. ವರ್ಲೀನ್, ನೀವಲ್ಲ. ಆ ಹೊತ್ತಿಗೆ ನೀವು ಕೌದಿ ಹಾಳು ಮಾಡ್ತಿದ್ದಿರಿ."

ವರ್ಲೀನ್ ನಗಲಿಲ್ಲ.

"ಹಾಳು ಮಾಡೋಕೆ ಅಂತ ಬಂದವರು ಪೇಂಟ್ ಡಬ್ಬಿ ಹೊತ್ಕೊಂಡು ಬರ್ತಾರಾ? ಮೂರು ಓಕ್ ಹೋದರೂ ಪರವಾಗಿಲ್ಲ, ಉಳಿದದ್ದಕ್ಕೆ ರೋಗ ಬರಬಾರದು ಅನ್ನೋರು ಮಾತ್ರ. ಗೂಡಿರೋ ಮರ ಬಿಟ್ಟಿದಾರೆ. ಯಾವ ಮರದಲ್ಲಿ ಗೂಡಿದೆ ಅಂತ ಎಣಿಸೋರಿಗೆ ಮಾತ್ರ ಗೊತ್ತು." ನೆಲ್ಡಾ ಹಾಳೆಯನ್ನು ಮೇಜಿನ ಮೇಲೆ ಹರಡಿದಳು. "ಇಷ್ಟೂ ಬರೀ ಅನುಮಾನ. ಇದು ಮಾತ್ರ ಸಾಕ್ಷಿ. ಹಿಂದಿನ ವಾರದ ಹಾಗೆ 'ಎರಡು' ಅಂತ ಬರೆದಿದ್ದರೆ, ಅಲ್ಲಿಗೆ ಹೋಗದೆ ಮನೆಯಲ್ಲೇ ತುಂಬಿದೀರಿ ಅಂದ್ಕೊಳ್ತಿದ್ದೆ, ಇಲ್ಲಿಗೆ ಬರ್ತಿರಲಿಲ್ಲ. ಯಾಕೆ ಸೊನ್ನೆ ಬರೆದಿರಿ?"

ಆರ್ಡಿತ್ ಹಾಳೆಯನ್ನು ನೋಡುತ್ತ ಹೇಳಿದಳು. "ಐದು ನಿಮಿಷ ನಿಂತೆ. ಹಾಡಲಿಲ್ಲ. ಇನ್ನೇನು ಬರೀಲಿ?"



"ನೀನಾ?" ಎಂದಳು ವರ್ಲೀನ್.

"ನಾನೇ."

"ದಿನಾ ಬಂದು ನನಗೆ ಬೇಯಿಸಿ ಹಾಕ್ತಿದ್ದೆ."

"ಹಾಕದೆ? ಹಸಿದುಕೊಂಡಿರು ಅಂತ ಬಿಡಲಾ?" ಆರ್ಡಿತ್ ಕೀಯನ್ನು ಮೇಜಿನ ಮೇಲಿಟ್ಟಳು. "ಮೈದಾನ ಮಾರಿದಾರೆ, ಜೂನ್ ಒಳಗೆ ನಾನು ಖಾಲಿ ಮಾಡಬೇಕು. ಆ ಇಳಿಜಾರಿನ ಐದು ಎಕರೆ ನನಗೆ ಅಂತ ಲೀರಾಯ್ ಹೇಳಿದ್ದ. ಒಂಬತ್ತು ವರ್ಷದಲ್ಲಿ ನಾಲ್ಕು ಸಲ ನಿನ್ನ ಕೇಳಿದೆ. ನಾಲ್ಕು ಸಲವೂ ಒಂದೇ ಉತ್ತರ. ಹಕ್ಕಿ ಕಾಗದ ಬಿಡಲ್ಲ, ಆರ್ಡಿತ್. ಅಲ್ಲಿ ಮನೆ ಕಟ್ಟಿದರೆ ಕಾಗದ ಹೋಗುತ್ತೆ. ಸರಿ, ಹಕ್ಕಿ ಇಲ್ಲಾಂದ್ರೆ ಏನಂತೀಯ ನೋಡೋಣ ಅಂದ್ಕೊಂಡೆ. ಅಷ್ಟು ಜಾಗ ಮಾತ್ರ ಪಟ್ಟಿಯಿಂದ ಹೋಗುತ್ತೆ, ಉಳಿದದ್ದು ನಿನಗಿರುತ್ತೆ ಅಂದ್ಕೊಂಡೆ. ಇಡೀ ಜಮೀನು ಅದರ ಮೇಲೆ ನಿಂತಿದೆ ಅಂತ ಗೊತ್ತಾಗಿದ್ದೇ ಮಂಗಳವಾರ."

"ಟ್ರೈಲರ್ ಮೈದಾನ ಮಾರಿಹೋಗಿದೆ ಅಂತ ನನಗೆ ಹೇಳಲಿಲ್ಲ," ಎಂದಳು ವರ್ಲೀನ್.

"ಕೇಳಲಿಲ್ಲ ನೀನು."

"ಲೀರಾಯ್ ಹಾಗೆ ಹೇಳಿದ್ದು ನಾನು ಕೇಳೇ ಇಲ್ಲ ಅಂತ ನಿನಗೆ ನಾಲ್ಕು ಸಲ ಹೇಳಿದೀನಿ."

"ಹೌದು. ಅದನ್ನೂ ಹೇಳಿದೀಯ."

ನೆಲ್ಡಾ ಚೀಲದಿಂದ ಒಂದು ಹೇಳಿಕೆ ಪತ್ರ ತೆಗೆದಳು. ಧ್ವನಿ ಆದಷ್ಟು ಕಚೇರಿಯದಾಗಿರಲೆಂದು ಗಂಟಲು ಸರಿಮಾಡಿಕೊಂಡಳು. "ಆರ್ಡಿತ್, ನೀವು ಇದನ್ನ ಬರೆದುಕೊಟ್ಟರೆ ವರ್ಲೀನಳ ಜಮೀನು ಉಳಿಯುತ್ತೆ. ಒಂದು ಪ್ರತಿ ಶೆರಿಫ್‌ಗೆ ಹೋಗುತ್ತೆ. ದೂರು ಕೊಡೋದು ಬಿಡೋದು ಮಾಲೀಕರ ಇಷ್ಟ. ಹಕ್ಕಿಗಳ ಇಲಾಖೆಯವರು ದಂಡ ಹಾಕಬಹುದು. ಅದು ನನ್ನ ಕೈಯಲ್ಲಿಲ್ಲ."

"ಪೆನ್ನು ಕೊಡಿ."

ಆರ್ಡಿತ್ ಬರೆಯತೊಡಗಿದಳು. ಹೆಸರು. ವಿಳಾಸ. ಗುರುವಾರ, ಮಧ್ಯಾಹ್ನ ಎರಡರಿಂದ. ಒಂಬತ್ತು ಸೀಡರ್, ಮೂರು ಓಕ್. ಮಾಲೀಕರಿಗೆ ತಿಳಿಯದಂತೆ. ಕೊನೆಯ ಪ್ರಶ್ನೆಯ ಬಳಿ ಪೆನ್ನು ನಿಂತಿತು.

"ಈ ಜಮೀನಿನಲ್ಲಿ ನಿಮಗೆ ಯಾವುದೇ ಹಕ್ಕು ಅಥವಾ ಪಾಲು ಇದೆಯೇ," ಎಂದು ಓದಿದಳು.

ಊರುಗೋಲು ನೆಲಕ್ಕೆ ಬಿದ್ದ ಸದ್ದಾಯಿತು. ವರ್ಲೀನ್ ಮೇಜು ಹಿಡಿದು ಎದ್ದು ನಿಂತಿದ್ದಳು.

"ಇದೆ ಅಂತ ಬರಿ."

ಆರ್ಡಿತ್ ತಲೆ ಎತ್ತಿದಳು.

"ಲೀರಾಯ್‌ನ ಕಡೇ ವಾರ. ಆಸ್ಪತ್ರೆಯಲ್ಲಿ. ಇಳಿಜಾರು ಆರ್ಡಿತ್‌ಗೆ ಅಂದ. ನಿನ್ನ ಕೈ ಹಿಡಕೊಂಡು ಅಂದ. ನಾನು ಕಿಟಕಿ ಹತ್ತಿರ ನಿಂತಿದ್ದೆ. ಎಲ್ಲ ಕೇಳಿಸಿತು." ವರ್ಲೀನ್ ಕಾಗದದ ಮೇಲೆ ಬೆರಳಿಟ್ಟಳು. "ಇದ್ದದ್ದು ಅಷ್ಟೇ ಜಮೀನು. ಅದರಲ್ಲೂ ಪಾಲು ಹೋದರೆ ಅಂತ ಹೆದರಿದೆ. ಹಕ್ಕಿಗಳನ್ನ ಮುಂದೆ ಮಾಡಿದೆ. ಬರಿ, ಇದೆ ಅಂತ ಬರಿ."

ಆರ್ಡಿತ್ ಒಂಬತ್ತು ವರ್ಷ ಕಾದ ಮಾತು ಅದು. ಅವಳು ನೆಲ್ಡಾಳತ್ತ ತಿರುಗಿದಳು. "ಇದೆ ಅಂತ ಬರೆದರೆ?"

ಸುಳ್ಳು ಹೇಳಬಹುದಿತ್ತು. ನೆಲ್ಡಾ ಹೇಳಲಿಲ್ಲ. "ಪಾಲುದಾರರು ಕಡಿದರೆ ಮಾಲೀಕರೇ ಕಡಿದ ಹಾಗೆ. ನಾಳೆ ಮಂಡಳಿ ಪಟ್ಟಿಯಿಂದ ತೆಗೆಯುತ್ತೆ. ಇಡೀ ಎಂಬತ್ತು ಎಕರೆ. ಆಮೇಲೆ ಕೊಡೋಕೆ ಐದು ಎಕರೆ ಇರಲ್ಲ, ಇಟ್ಟುಕೊಳ್ಳೋಕೆ ಎಪ್ಪತ್ತೈದೂ ಇರಲ್ಲ."

"ಬಾಯಿಮಾತಿಗೆ ಕಾನೂನಲ್ಲಿ ಬೆಲೆ ಇದೆಯಾ?"

"ಇಲ್ಲ. ನೆಲದ ವಿಷಯದಲ್ಲಿ ಇಲ್ಲ."

"ಹಾಗಿದ್ದರೆ ಇಲ್ಲ ಅಂತ ಬರೆದರೆ ಅದು ತಪ್ಪಲ್ಲ."

"ಕಾನೂನಿನ ಪ್ರಕಾರ ತಪ್ಪಲ್ಲ."

ಆರ್ಡಿತ್ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು. ಕಿಟಕಿಯಾಚೆ, ಗದ್ದಲವಿಲ್ಲದ ಮಧ್ಯಾಹ್ನದಲ್ಲಿ, ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದ ಗುಡ್ಡ ಇತ್ತು. ಅವಳು ಅತ್ತ ತಿರುಗಲಿಲ್ಲ. ಬಗ್ಗಿ, ಶಾಲೆಯ ಹುಡುಗಿಯ ದುಂಡು ಅಕ್ಷರದಲ್ಲಿ, ಇಲ್ಲ ಎಂದು ಬರೆದಳು. ಸಹಿ ಹಾಕಿದಳು.

"ಬಲಗೈ ಎತ್ತಿ," ಎಂದಳು ನೆಲ್ಡಾ. ಇದು ಅವಳು ದಿನಕ್ಕೆ ನಾಲ್ಕೈದು ಸಲ ಹೇಳುವ ಮಾತು. ಇವತ್ತು ಬಾಯಿಂದ ಸಲೀಸಾಗಿ ಬರಲಿಲ್ಲ. "ಇದರಲ್ಲಿ ಬರೆದದ್ದೆಲ್ಲ ನಿಜವೇ?"

"ನಿಜ," ಎಂದಳು ಆರ್ಡಿತ್.

ನೆಲ್ಡಾ ಮುದ್ರೆ ಒತ್ತಿದಳು.

"ಸುಳ್ಳು," ಎಂದಳು ವರ್ಲೀನ್, ಯಾರ ಮುಖವನ್ನೂ ನೋಡದೆ.